ಒಗರು ಎಂಬ ರುಚಿ

ಫ್ರಾನ್ಸಿನ ಬೋರ್ಡೋ ಸೀಮೆಯ ಹಳೆಯ ಕೆಂಪು ವೈನ್ ಸವಿದು ಬರೆಯುವವರ ಟಿಪ್ಪಣಿಗಳಲ್ಲಿ ದೇವದಾರು, ತಂಬಾಕಿನೆಲೆ, ಚರ್ಮ, ಹಸಿಮಣ್ಣು ಎಲ್ಲವೂ ಬರುತ್ತವೆ. ಇಷ್ಟೆಲ್ಲ ವಾಸನೆ ಹೇಳಿದ ಮೇಲೂ ಅವರು ಟ್ಯಾನಿನ್ನಿನ ಮಾತಿಗೆ ಬಂದೇ ಬರುತ್ತಾರೆ: ಅದು ಇನ್ನೂ ಬಾಯಿ ಹಿಡಿಯುತ್ತದೆಯೋ, ನಯವಾಗಿದೆಯೋ? ಆ ಹಿಡಿತವನ್ನೇ ನಾವು ಒಗರು ಅನ್ನುವುದು.

ಒಮಾನಿನಲ್ಲಿ ಬೇಸಿಗೆ ಬಂತೆಂದರೆ ಅಲ್ಲಿನ ಕನ್ನಡದ ಮನೆಗಳಲ್ಲೂ ಈ ಪದಕ್ಕೆ ಕೆಲಸ ಬರುತ್ತದೆ. ಇನ್ನೂ ಗಟ್ಟಿಯಾಗಿರುವ ಹಳದಿ, ಕೆಂಪು ಖರ್ಜೂರವನ್ನು ಅರಬ್ಬಿಯಲ್ಲಿ ಖಲಾಲ್ ಅನ್ನುತ್ತಾರೆ. ಬರ್ಹಿಯಂಥ ಕೆಲವು ತಳಿಗಳು ಆಗಲೇ ಸಿಹಿ. ಹಲವು ತಳಿಗಳನ್ನು ಕಚ್ಚಿದರೆ ನಾಲಿಗೆ ದಪ್ಪವಾಗುತ್ತದೆ. ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿ ಬಿಗಿಯುತ್ತದೆ. ಅದೇ ಹಣ್ಣು ಮೆತ್ತಗಾಗಿ ರುತಬ್ ಆಗುವಾಗ ಟ್ಯಾನಿನ್ ಕರಗದ ರೂಪಕ್ಕೆ ತಿರುಗುತ್ತದೆ, ಒಗರು ಇಳಿಯುತ್ತದೆ. ಬಾಟಲಿಯೊಳಗೆ ವರ್ಷಗಟ್ಟಲೆ ಕೂತ ವೈನಿನಲ್ಲೂ ಟ್ಯಾನಿನ್‌ಗಳು ಒಂದಕ್ಕೊಂದು ಬೆಸೆದುಕೊಂಡು, ಕೆಲವು ಗಸಿಯಾಗಿ ತಳ ಸೇರುತ್ತವೆ.

ಒಮಾನಿಗೆ ವೈನಿನ ನಂಟು ಇರಲಿಲ್ಲ ಅನ್ನುವಂತಿಲ್ಲ. 1835ರ ಕೊನೆಗೆ ಅಲ್ಲಿನ ಜಬಲ್ ಅಖ್ದರ್ ಬೆಟ್ಟ ಹತ್ತಿದ್ದ ಇಂಗ್ಲಿಷ್ ಅಧಿಕಾರಿ ವೆಲ್‌ಸ್ಟೆಡ್, ಅಲ್ಲಿನವರು ತಮ್ಮ ದ್ರಾಕ್ಷಿಯಿಂದ ವೈನ್ ಮಾಡಿ ಮುಚ್ಚುಮರೆಯಿಲ್ಲದೆ ಕುಡಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಈಗ ಆ ಬೆಟ್ಟ ಹೆಸರಾಗಿರುವುದು ಗುಲಾಬಿಗೆ, ದಾಳಿಂಬೆಗೆ.

ದಾಳಿಂಬೆ ಸಿಪ್ಪೆಯಷ್ಟು ಒಗರು ಪದಾರ್ಥ ಕಡಿಮೆ. ಮಲೆನಾಡಿನವರು ಅದನ್ನು ಎಸೆಯದೆ ಹುರಿದು, ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಾರೆ. ಬಾಳೆಹೂವನ್ನು ಹೆಚ್ಚಿ ಹಾಕುವುದೂ ಮಜ್ಜಿಗೆ ನೀರಿಗೇ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದರೆ ನಾಲಿಗೆಗೆ ಬಿಡುಗಡೆ. ಫ್ರೆಂಚರು ವೈನಿನ ಜೊತೆ ಚೀಸ್ ಇಡುವುದರಲ್ಲೂ ಈ ಗುಣವಿದೆ. ನಮ್ಮ ಅಡುಗೆಯವರ ಈ ತಿಳಿವಳಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಡಿಕೆ ಬೇಯಿಸಿದ ಕೆಂಪು ನೀರಿಗೆ ಚೊಗರು ಎಂಬ ಹೆಸರಿಟ್ಟು, ಅದರಿಂದಲೇ ಅಡಿಕೆಗೆ ಬಣ್ಣ ಕಟ್ಟಿದವರೂ ಮಲೆನಾಡಿನವರೇ. ಆರು ರಸಗಳಲ್ಲಿ ಒಂದಾದ ಕಷಾಯ ಮನೆಮಾತಿನಲ್ಲಿ ಕುಡಿಯುವ ಮದ್ದಾಯಿತು. ರುಚಿಯ ಹೆಸರು ಮಾತ್ರ ಒಗರು ಎಂದೇ ಉಳಿಯಿತು.

ಇಂಥ ಪದವನ್ನು ರುಚಿಯ ದೋಷಗಳ ಪಟ್ಟಿಗೆ ಸೇರಿಸುವುದು ತಪ್ಪು. ಒಗರೇ ಇಲ್ಲದ ಎಳೆಯ ಕೆಂಪು ವೈನ್ ಹೆಚ್ಚು ಕಾಲ ಬಾಳುವುದು ಅಪರೂಪ. ನಂದಿ ಬೆಟ್ಟದ ತಪ್ಪಲಲ್ಲಿ, ವಿಜಯಪುರದಲ್ಲಿ ದ್ರಾಕ್ಷಿ ಬೆಳೆಯುವ ನಾಡು ನಮ್ಮದು. ವೈನಿನ ಬಗ್ಗೆ, ಚಹಾದ ಬಗ್ಗೆ, ಖರ್ಜೂರದ ಬಗ್ಗೆ ಕನ್ನಡದಲ್ಲಿ ಬರೆಯುವವರು ಎಳೆ ಒಗರು, ಹದವಾದ ಒಗರು, ಇಳಿದ ಒಗರು ಎಂದು ಧೈರ್ಯವಾಗಿ ಬರೆಯಲಿ. ಓದುಗರಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ.