ಬೀಗದ ಕೈ ಯಾರ ಹತ್ತಿರ? ರೂಟ್ ಮಾಡಿದ ಫೋನಿನ ಅಪ್‌ಡೇಟ್ ಪುರಾಣ

ಆಂಡ್ರಾಯ್ಡ್ ಫೋನನ್ನು ಮೊದಲ ಸಲ ರೂಟ್ ಮಾಡಿದ್ದು ಅಂಥ ದೊಡ್ಡ ಸಾಹಸವೇನಲ್ಲ. ಗೂಗಲ್‌ನವರೇ ಬಾಗಿಲು ತೆರೆದಿಟ್ಟು ಮರೆತಿದ್ದರು. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿ-ಮೊಬೈಲ್ ಜಿ1, ಜಗತ್ತಿನ ಮೊದಲ ಆಂಡ್ರಾಯ್ಡ್ ಫೋನು. ಅದನ್ನು ಮಾಡಿದ್ದು ಎಚ್‌ಟಿಸಿ. ಅದರ ಕೀಬೋರ್ಡಿನಲ್ಲಿ ನೀವು ಏನೇ ಟೈಪ್ ಮಾಡಿದರೂ ಅದು ತೆರೆಯ ಹಿಂದೆ ಓಡುತ್ತಿದ್ದ ಒಂದು ಕಮಾಂಡ್ ಶೆಲ್‌ಗೂ ಹೋಗುತ್ತಿತ್ತು, ಅದೂ ಪೂರ್ಣ ಅಧಿಕಾರದೊಂದಿಗೆ. ಚಾಟ್ ಮಾಡುತ್ತಾ 'ರೀಬೂಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಫೋನ್ ನಿಜವಾಗಿಯೂ ರೀಬೂಟ್ ಆಗಿಬಿಡುತ್ತಿತ್ತು!

ನಗು ಬರುತ್ತೆ, ನಿಜ. ಆದರೆ ಒಂದು ದೊಡ್ಡ ಜಗಳ ಶುರುವಾಗಿದ್ದು ಅಲ್ಲಿಂದಲೇ. ರೂಟ್ ಅಂದರೆ ಲಿನಕ್ಸ್ ವ್ಯವಸ್ಥೆಯ ಯಜಮಾನನ ಖಾತೆ. ಫೋನ್ ಕೊಂಡವರಿಗೆ ಕಂಪನಿ ಆ ಖಾತೆ ಕೊಡುವುದಿಲ್ಲ. ಸ್ವಂತ ಫ್ಲಾಟ್ ಕೊಂಡು ಇಎಂಐ ಕಟ್ಟುತ್ತಿದ್ದರೂ ಮೀಟರ್ ಬೋರ್ಡಿನ ಬೀಗದ ಕೈ ಮಾತ್ರ ಬಿಲ್ಡರ್ ಹತ್ತಿರವೇ ಇದ್ದ ಹಾಗೆ. ಜಿ1ರ ತಪ್ಪಿನಿಂದ ಆ ಕೈ ಕೆಲವರಿಗೆ ಸಿಕ್ಕಿಬಿಟ್ಟಿತು. ಗೂಗಲ್ ನವೆಂಬರ್‌ನಲ್ಲೇ ಆರ್‌ಸಿ30 ಎಂಬ ಅಪ್‌ಡೇಟ್ ಕಳಿಸಿ ಬಾಗಿಲು ಮುಚ್ಚಿತು.

ಬಳಕೆದಾರ ಸಿಕ್ಕಿಬಿದ್ದದ್ದು ಇಲ್ಲೇ. ಅಪ್‌ಡೇಟ್ ಹಾಕಿಕೊಂಡರೆ ಸುರಕ್ಷತೆ ಬರುತ್ತದೆ, ರೂಟ್ ಹೋಗುತ್ತದೆ. ಹಾಕಿಕೊಳ್ಳದಿದ್ದರೆ ರೂಟ್ ಉಳಿಯುತ್ತದೆ, ಜೊತೆಗೆ ಆ ಭಯಂಕರ ತೂತೂ ಉಳಿಯುತ್ತದೆ. ಆಗಲೇ ಅಪ್‌ಡೇಟ್ ಆಗಿಹೋಗಿದ್ದವರು ಹಳೆಯ ಆರ್‌ಸಿ29ಕ್ಕೆ ಇಳಿಯಬಹುದಿತ್ತು. ಆದರೆ ಹಾಗೆ ಇಳಿದರೆ ಫೋನ್ ಖಾಲಿ ಡಬ್ಬ. ಫೋಟೋಗಳು ಎಸ್‌ಡಿ ಕಾರ್ಡಿನಲ್ಲಿ, ಕಾಂಟ್ಯಾಕ್ಟ್‌ಗಳು ಗೂಗಲ್ ಖಾತೆಯಲ್ಲಿ ಇರುತ್ತಿದ್ದವು, ಬಚಾವ್. ಎಸ್ಸೆಮ್ಮೆಸ್‌ಗಳು, ಕರೆಗಳ ಪಟ್ಟಿ, ಆ್ಯಪ್‌ಗಳ ಸೆಟ್ಟಿಂಗ್ ಎಲ್ಲವೂ ಗೋವಿಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಉಪಾಯ ತಂದವನು ಜೀಸಸ್‌ಫ್ರೀಕ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್. ಅವನು ಗೂಗಲ್‌ನ ಆರ್‌ಸಿ30 ಅನ್ನೇ ತೆಗೆದುಕೊಂಡು, ಅದರೊಳಗೆ ರೂಟನ್ನು ಮತ್ತೆ ಸೇರಿಸಿ ಹಂಚಿದ. ಈಗ ಹೊಸ ಫರ್ಮ್‌ವೇರೂ ಇತ್ತು, ಯಜಮಾನಿಕೆಯೂ ಇತ್ತು. ಮುಂದೆ ಬಂದ ಎಲ್ಲ ಪ್ರಯತ್ನಗಳೂ ಒಂದಲ್ಲ ಒಂದು ರೀತಿಯಲ್ಲಿ ಇದೇ ಕೆಲಸದ ಮುಂದುವರಿಕೆ.

2009ರಲ್ಲಿ ಸ್ಟೀವ್ ಕಾಂಡಿಕ್ ಎಂಬಾತ ಸಯನೋಜನ್‌ಮಾಡ್ ಕಟ್ಟಿದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೂಗಲ್‌ನಿಂದ ವಕೀಲರ ನೋಟಿಸ್ ಬಂತು. ಆಂಡ್ರಾಯ್ಡ್ ಮುಕ್ತ ತಂತ್ರಾಂಶ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಜಿಮೇಲ್, ಮ್ಯಾಪ್ಸ್, ಮಾರ್ಕೆಟ್ ಇವೆಲ್ಲ ಗೂಗಲ್‌ನ ಸ್ವಂತ ಸೊತ್ತು, ಅವನ್ನು ಹಂಚುವ ಹಾಗಿಲ್ಲ ಅಂತ. ಸಿಕ್ಕ ಪರಿಹಾರ ಸರಳವಾಗಿತ್ತು: ಆ ಆ್ಯಪ್‌ಗಳು ಫೋನಿನಲ್ಲಿ ಮೊದಲೇ ಇವೆ. ಅವನ್ನು ಎತ್ತಿಟ್ಟುಕೊಂಡು, ವ್ಯವಸ್ಥೆಯನ್ನು ಬದಲಿಸಿ, ಮತ್ತೆ ಅಲ್ಲೇ ಇಟ್ಟರಾಯಿತು. ಮನೆಗೆ ಸುಣ್ಣ ಬಳಿಯುವಾಗ ದೇವರ ಪಟ ಇಳಿಸಿಟ್ಟು ಆಮೇಲೆ ಮತ್ತೆ ತೂಗುಹಾಕುತ್ತೇವಲ್ಲ, ಹಾಗೆ. ಮುಂದೆ ಈ ಕೆಲಸವನ್ನು ಅಪ್‌ಡೇಟ್ ಫೈಲಿನೊಳಗಿನ ಒಂದು ಸಣ್ಣ ಸ್ಕ್ರಿಪ್ಟ್ ತಾನೇ ಮಾಡತೊಡಗಿತು. ಕಾನೂನಿನ ಒತ್ತಡದಲ್ಲಿ ಹುಟ್ಟಿದ ಉಪಾಯ ಒಳ್ಳೆಯ ಅಭ್ಯಾಸವಾಗಿ ಉಳಿಯಿತು.

ಅದೇ ಕಾಲದಲ್ಲಿ 'ನ್ಯಾಂಡ್ರಾಯ್ಡ್ ಬ್ಯಾಕಪ್' ಎಂಬ ಮಾತೂ ಚಾಲ್ತಿಗೆ ಬಂತು. ಫೋನಿನ ಮೆಮೊರಿ ಚಿಪ್ಪಿನ ಹೆಸರಾದ ನ್ಯಾಂಡ್ ಮತ್ತು ಆಂಡ್ರಾಯ್ಡ್ ಸೇರಿ ಆದ ಪದ ಇದು. ರಿಕವರಿ ಎಂಬ ಪುಟ್ಟ ಪರ್ಯಾಯ ವ್ಯವಸ್ಥೆಗೆ ಹೋಗಿ ಇಡೀ ಫೋನಿನ ಪಡಿಯಚ್ಚು ತೆಗೆದು ಎಸ್‌ಡಿ ಕಾರ್ಡಿಗೆ ಹಾಕಿಕೊಳ್ಳುವುದು. ಕೌಶಿಕ್ ದತ್ತಾ ಬರೆದ ಕ್ಲಾಕ್‌ವರ್ಕ್‌ಮಾಡ್ ರಿಕವರಿ ಇದನ್ನು ಎಲ್ಲರ ಕೈಗೆ ತಂದಿತು. ಒಂದೊಂದು ಆ್ಯಪನ್ನೂ ಅದರ ಡೇಟಾ ಸಮೇತ ಕಟ್ಟಿಡಲು ಟೈಟೇನಿಯಂ ಬ್ಯಾಕಪ್ ಬಂತು. ಕೆಟ್ಟರೆ ಹಿಂದಿರುಗಬಹುದು ಎಂಬ ಧೈರ್ಯ ಸಿಕ್ಕಿದ ಮೇಲೆ ವಾರಕ್ಕೊಂದು ರಾಮ್ ಬದಲಾಯಿಸುವ ಹುಡುಗರ ದಂಡೇ ಹುಟ್ಟಿಕೊಂಡಿತು. ಡೇಟಾ ಅಳಿಸದೆ ಹಳೆಯದರ ಮೇಲೆ ಹೊಸದನ್ನು ಹಾಕುವುದಕ್ಕೆ 'ಡರ್ಟಿ ಫ್ಲ್ಯಾಶ್', ಎಲ್ಲ ಅಳಿಸಿ ಹಾಕುವುದಕ್ಕೆ 'ಕ್ಲೀನ್ ಫ್ಲ್ಯಾಶ್' ಅಂತ ಹೆಸರೂ ಬಿತ್ತು. ಒಂದೇ ರಾಮ್‌ನ ಮುಂದಿನ ಆವೃತ್ತಿಯಾದರೆ ಡರ್ಟಿ ಸಾಕು, ಬೇರೆ ರಾಮ್‌ಗೆ ಹೋಗುವುದಾದರೆ ಕ್ಲೀನ್ ಬೇಕು ಎಂಬುದು ಆಗಿನ ಪಾಠ. ಈಗಲೂ ಅದು ಸುಳ್ಳಾಗಿಲ್ಲ.

ಆದರೆ 2011ರ ಗ್ಯಾಲಕ್ಸಿ ನೆಕ್ಸಸ್ ಕಾಲಕ್ಕೆ ಸದ್ದಿಲ್ಲದೆ ಒಂದು ಬದಲಾವಣೆ ಆಯಿತು. ಆ ಫೋನಿಗೆ ಎಸ್‌ಡಿ ಕಾರ್ಡ್ ಇರಲಿಲ್ಲ. ಫೋಟೋ, ಹಾಡು, ಡೌನ್‌ಲೋಡ್ ಎಲ್ಲವೂ ಆ್ಯಪ್‌ಗಳ ಡೇಟಾ ಇರುವ ಜಾಗದಲ್ಲೇ ಒಂದು ಫೋಲ್ಡರ್ ಆಗಿ ಕೂತವು. ಮೊದಲು ಫೋನ್ ಅಳಿಸಿದರೂ ಕಾರ್ಡ್ ಉಳಿಯುತ್ತಿತ್ತು. ಈಗ ಅಳಿಸಿದರೆ ಮಗುವಿನ ಫೋಟೋವೂ ಹೋಗುತ್ತದೆ. ಟಿಡಬ್ಲ್ಯೂಆರ್‌ಪಿ ರಿಕವರಿಯಲ್ಲಿ 'ಡೇಟಾ' ಬ್ಯಾಕಪ್ ತೆಗೆದರೂ ಆ ಫೋಲ್ಡರ್ ಅದರಲ್ಲಿ ಸೇರುವುದಿಲ್ಲ. ಬ್ಯಾಕಪ್ ಫೈಲ್ ಬಂದು ಕೂರುವುದೂ ಅದೇ ಜಾಗದಲ್ಲೇ. ಮನೆಯ ವಿಮೆ ಪತ್ರವನ್ನು ಅದೇ ಮನೆಯ ಬೀರುವಿನಲ್ಲಿ ಇಟ್ಟಂತಾಯಿತು.

ಇನ್ನು ಕಂಪನಿಗಳೇ ಕಳಿಸುವ ಅಪ್‌ಡೇಟ್‌ಗಳ ಕಥೆ. ಆಂಡ್ರಾಯ್ಡ್ 4.4ರವರೆಗೆ ಅವು ಒಂದೊಂದೇ ಫೈಲನ್ನು ಪರೀಕ್ಷಿಸಿ ತೇಪೆ ಹಾಕುತ್ತಿದ್ದವು. ಸಿಸ್ಟಮ್‌ನಲ್ಲಿ ಬೇಡದ ಆ್ಯಪ್ ಒಂದನ್ನು ನೀವು ಕಿತ್ತುಹಾಕಿದ್ದರೆ ಅಪ್‌ಡೇಟ್ ಅಲ್ಲೇ ನಿಲ್ಲುತ್ತಿತ್ತು. ಹೊಸದಾಗಿ ಸೇರಿಸಿದ ರೂಟ್ ಫೈಲ್ ಕಣ್ತಪ್ಪಿಸಿಕೊಂಡರೂ ಕೊನೆಯಲ್ಲಿ ಅದರ ಅನುಮತಿ ಕಳಚಿಬೀಳುತ್ತಿತ್ತು. 2014ರ ಕೊನೆಗೆ ಬಂದ ಆಂಡ್ರಾಯ್ಡ್ 5.0 ಆ ಸಂದನ್ನೂ ಮುಚ್ಚಿತು. ಈಗ ಪರೀಕ್ಷೆ ಫೈಲುಗಳದ್ದಲ್ಲ, ಇಡೀ ಸಿಸ್ಟಮ್ ವಿಭಾಗದ್ದು. ಏನೂ ಬದಲಿಸದೆ ಸುಮ್ಮನೆ ಬರೆಯುವ ಅನುಮತಿಯೊಂದಿಗೆ ಅದನ್ನು ಒಮ್ಮೆ ತೆರೆದಿದ್ದರೂ ಸಾಕು, ಅಪ್‌ಡೇಟ್ ಸೋಲುತ್ತಿತ್ತು.

ಭಾರತದಲ್ಲಿ ಇದೇ ಹೊತ್ತಿಗೆ ಫರ್ಮ್‌ವೇರ್ ಕೋರ್ಟ್ ಮೆಟ್ಟಿಲೂ ಹತ್ತಿತು. 2014ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದ ಒನ್‌ಪ್ಲಸ್ ಒನ್‌ನಲ್ಲಿ ಸಯನೋಜನ್ ಇತ್ತು. ಅದರ ಭಾರತದ ಹಕ್ಕು ತನ್ನದು ಅಂತ ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯಿತು. ಒನ್‌ಪ್ಲಸ್ 2015ರಲ್ಲಿ ತನ್ನದೇ ಆಕ್ಸಿಜನ್ ಓಎಸ್ ತಂದಿತು. ಹವ್ಯಾಸಿಗಳು ಗ್ಯಾರೇಜಿನಲ್ಲಿ ಕಟ್ಟಿದ್ದು ಆರು ವರ್ಷದಲ್ಲಿ ಕಂಪನಿಗಳು ಕಿತ್ತಾಡುವಷ್ಟು ಬೆಲೆಬಾಳತೊಡಗಿತ್ತು.

ಬಾಗಿಲು ಒಡೆಯುವುದು ಕಷ್ಟವಾದಾಗ ಜನ ಬೇರೆ ದಾರಿ ಯೋಚಿಸಿದರು. ಸೂಪರ್‌ಎಸ್‌ಯು ಬರೆದ ಚೈನ್‌ಫೈರ್ 2015ರಲ್ಲಿ 'ಸಿಸ್ಟಮ್‌ಲೆಸ್' ರೂಟ್ ತಂದ. ಸಿಸ್ಟಮ್ ವಿಭಾಗವನ್ನು ಮುಟ್ಟುವುದೇ ಬೇಡ, ಫೋನ್ ಎಚ್ಚರವಾಗುವಾಗ ಮೊದಲು ಓದುವ ಬೂಟ್ ಇಮೇಜನ್ನು ಮಾತ್ರ ತಿದ್ದೋಣ ಎಂಬುದು ಅದರ ತಿರುಳು. 2016ರಲ್ಲಿ ತೈವಾನಿನ ವಿದ್ಯಾರ್ಥಿ ಜಾನ್ ವು ಇದೇ ದಾರಿಯಲ್ಲಿ ಮ್ಯಾಜಿಸ್ಕ್ ಬರೆದ. ಅದು ಮೂಲ ಬೂಟ್ ಇಮೇಜಿನ ಪ್ರತಿಯೊಂದನ್ನು ಎತ್ತಿಟ್ಟುಕೊಳ್ಳುತ್ತದೆ. ಬೇಕಾದಾಗ ಅದನ್ನು ವಾಪಸ್ ಇಟ್ಟರೆ ಫೋನ್ ಕಂಪನಿಯಿಂದ ಬಂದ ಹಾಗೇ ಕಾಣುತ್ತದೆ. ಜಿ1 ಕಾಲದಲ್ಲಿ ರೂಟ್ ಅಂದರೆ ಗೋಡೆ ಕೊರೆಯುವುದು. ಈಗ ಗೋಡೆಯ ಮುಂದೆ ಪರದೆ ಕಟ್ಟುವುದು.

ಅದೇ 2016ರ ಪಿಕ್ಸೆಲ್ ಫೋನುಗಳಲ್ಲಿ ಗೂಗಲ್ ಎ/ಬಿ ಪದ್ಧತಿ ತಂದಿತು. ವ್ಯವಸ್ಥೆಯ ಎರಡು ಪ್ರತಿ. ನೀವು ಎ ಬಳಸುತ್ತಿರುವಾಗ ಅಪ್‌ಡೇಟ್ ಹಿಂದಿನಿಂದ ಬಿ ಮೇಲೆ ಬರೆಯಲ್ಪಡುತ್ತದೆ. ರೂಟ್ ಮಾಡಿದವರಿಗೆ ಇದು ವರವೇ ಆಯಿತು. ಇಂಥ ಫೋನಿನಲ್ಲಿ ಈಗಿನ ಕ್ರಮ ಇಷ್ಟು: ಮ್ಯಾಜಿಸ್ಕ್‌ನಲ್ಲಿ ಮೂಲ ಇಮೇಜ್ ಮರಳಿಸಿ, ರೀಬೂಟ್ ಮಾಡಬೇಡಿ. ಅಪ್‌ಡೇಟ್ ಇಳಿಸಿ ಹಾಕಿ, ಆಗಲೂ ರೀಬೂಟ್ ಮಾಡಬೇಡಿ. ಮ್ಯಾಜಿಸ್ಕ್ ಅನ್ನು ನಿಷ್ಕ್ರಿಯ ಸ್ಲಾಟಿಗೆ ಹಾಕಿ. ರೀಬೂಟ್ ಮಾಡುವುದು ಆಮೇಲೆ. ಡೇಟಾ ಇದ್ದಲ್ಲೇ ಇರುತ್ತದೆ.

ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ಫರ್ಮ್‌ವೇರ್ ಹಾಕುವವರ ಭವಿಷ್ಯ ಮಾತ್ರ ಒಂದೆರಡು ಅಕ್ಷರಗಳ ಮೇಲೆ ನಿಂತಿದೆ. ಪಿಕ್ಸೆಲ್‌ಗೆ ಗೂಗಲ್ ಕೊಡುವ 'ಫ್ಲ್ಯಾಶ್-ಆಲ್' ಸ್ಕ್ರಿಪ್ಟಿನ ಸಾಲಿನಲ್ಲಿ ಒಂದು ಅಡ್ಡಗೆರೆ ಮತ್ತು ಡಬ್ಲ್ಯೂ ಅಕ್ಷರ ಇರುತ್ತದೆ. ಅದಿದ್ದರೆ ಎಲ್ಲ ಅಳಿಯುತ್ತದೆ, ತೆಗೆದುಹಾಕಿದರೆ ಉಳಿಯುತ್ತದೆ. ಸ್ಯಾಮ್‌ಸಂಗ್‌ಗೆ ಓಡಿನ್‌ನಲ್ಲಿ ಹಾಕುವಾಗ ಸಿಎಸ್‌ಸಿ ಫೈಲ್ ಆರಿಸಿದರೆ ಡೇಟಾ ಹೋಯಿತು, ಹೋಮ್ ಸಿಎಸ್‌ಸಿ ಆರಿಸಿದರೆ ಉಳಿಯಿತು.

ಹಾಗಾದರೆ ಬೂಟ್‌ಲೋಡರ್ ಅನ್‌ಲಾಕ್ ಮಾಡುವಾಗ ಎಲ್ಲವೂ ಅಳಿಸಿಹೋಗುವುದು ಯಾಕೆ? ಕಂಪನಿಯ ಹಗೆತನ ಅಂತ ಬೈಯುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಅಳಿಸದಿದ್ದರೆ, ಮೆಜೆಸ್ಟಿಕ್ಕಿನ ರಶ್ಶಿನಲ್ಲಿ ನಿಮ್ಮ ಫೋನ್ ಎಗರಿಸಿದವನೂ ಅನ್‌ಲಾಕ್ ಮಾಡಿ, ತನ್ನ ವ್ಯವಸ್ಥೆ ಹಾಕಿ, ನಿಮ್ಮ ಮೆಸೇಜುಗಳನ್ನು ಓದಲು ದಾರಿ ಹುಡುಕಬಹುದು. ಬೀಗ ಯಜಮಾನನನ್ನೂ ಕಳ್ಳನನ್ನೂ ಬೇರೆ ಮಾಡಿ ನೋಡಲಾರದು. ಹಾಗಾಗಿ ಇಬ್ಬರಿಗೂ ಖಾಲಿ ಮನೆಯನ್ನೇ ತೆರೆದುಕೊಡುತ್ತದೆ. ಇದೇ ಅನುಮಾನದಿಂದ ಎಷ್ಟೋ ಬ್ಯಾಂಕ್ ಆ್ಯಪ್‌ಗಳೂ ಯುಪಿಐ ಆ್ಯಪ್‌ಗಳೂ ರೂಟ್ ಕಂಡರೆ ಬಾಗಿಲು ಹಾಕಿಕೊಳ್ಳುತ್ತವೆ. ತರಕಾರಿ ಗಾಡಿಯವರಿಗೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ನಮ್ಮೂರಲ್ಲಿ ಇದು ಸಣ್ಣ ಬೆಲೆಯೇನಲ್ಲ. ಹವ್ಯಾಸ ಬಿಟ್ಟವರಲ್ಲಿ ಬಹಳ ಜನ ಬಿಟ್ಟಿದ್ದು ಇದಕ್ಕೇ.

ಆದರೂ ಬಿಡದವರಿಗೆ ಕಾರಣವಿದೆ. 2016ರ ಕೊನೆಗೆ ಸಯನೋಜನ್‌ಮಾಡ್ ಮುಚ್ಚಿತು, ಅದರ ಬೂದಿಯಿಂದ ಲೀನಿಯೇಜ್ ಓಎಸ್ ಎದ್ದಿತು. ಕಂಪನಿ ಕೈಬಿಟ್ಟ ಎಷ್ಟೋ ಫೋನುಗಳಿಗೆ ಇವತ್ತಿಗೂ ಭದ್ರತಾ ಅಪ್‌ಡೇಟ್ ಸಿಗುತ್ತಿರುವುದು ಅಲ್ಲಿಂದ. ಅಪ್‌ಡೇಟಿನಿಂದ ತಪ್ಪಿಸಿಕೊಳ್ಳಲು ಶುರುವಾದ ಚಳವಳಿ ಕೊನೆಗೆ ಅಪ್‌ಡೇಟ್ ಕೊಡುವ ಕೆಲಸಕ್ಕೇ ನಿಂತಿತು.

ಇಷ್ಟು ವರ್ಷಗಳಲ್ಲಿ ವ್ಯವಸ್ಥೆಗೆ ಎರಡು ಸ್ಲಾಟ್ ಬಂದವು, ಬೂಟ್ ಇಮೇಜಿಗೆ ಮೀಸಲು ಪ್ರತಿ ಬಂತು. ನಿಮ್ಮ ಡೇಟಾಗೆ ಮಾತ್ರ ಫೋನಿನಲ್ಲಿ ಇವತ್ತಿಗೂ ಇರುವುದು ಒಂದೇ ಪ್ರತಿ. ಎರಡನೆಯದನ್ನು ಫೋನಿನ ಹೊರಗೆ ನೀವೇ ಇಟ್ಟುಕೊಳ್ಳಬೇಕು, ಅದೂ ಕೇಬಲ್ ಚುಚ್ಚುವುದಕ್ಕೆ ಮುಂಚೆ.