ಹೋಗಿ ಬರುವ ನೀರು

ಚಡಚಣದ ಕಡೆಯವರಾದ ನಮಗೆ ಉಪ್ಪೆಂದರೆ ಅಂಜಿಕೆ. ನೀರು ಅತಿಯಾಗಿ ಸವಳಾದ ಎರೆಹೊಲಗಳನ್ನು ಕಣ್ಣಾರೆ ಕಂಡವರು ನಾವು. ‘ಉಪ್ಪು ಭೂಮಿಯ ವೈರಿ’ ಎಂದು ನಾನೇ ನಿಮಗೆ ಬರೆಸಿದ್ದೆ. 1994ರ ಗೋಕರ್ಣ ಪ್ರವಾಸದಲ್ಲಿ ಅಘನಾಶಿನಿಯ ಅಳಿವೆ ದಾಟುವಾಗಲೂ ಅದನ್ನೇ ಹೇಳಿದೆ. ದೋಣಿಯಲ್ಲಿದ್ದ ವೃದ್ಧರೊಬ್ಬರು ನಕ್ಕು, ದಂಡೆಯ ಗಜನಿ ಗದ್ದೆಗಳತ್ತ ಕೈ ಮಾಡಿದರು.

ಕುಮಟಾ ತಾಲೂಕಿನ ಆ ತಗ್ಗುಭೂಮಿಗೆ ಊರವರೇ ಕಟ್ಟಿದ ಮಣ್ಣಿನ ಒಡ್ಡು. ಒಡ್ಡಿನಲ್ಲಿ ಮರದ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಮುದ್ರದ ನೀರನ್ನು ತಡೆದು, ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗವೆಂಬ ಭತ್ತ ಬೆಳೆಯುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ತಳಿಯದು. ಕೊಯ್ಲಾದೊಡನೆ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಕರೆಯುತ್ತಿದ್ದರು. ನೀರಿನೊಡನೆ ಮೀನು, ಸೀಗಡಿ ಬರುತ್ತಿದ್ದವು. ಗದ್ದೆಯ ಕೂಳೆ ಕೊಳೆತು ಅವುಗಳಿಗೆ ಆಹಾರವಾಗುತ್ತಿತ್ತು. ಒಂದೇ ನೆಲ, ಎರಡು ಫಸಲು!

1970ರ ದಶಕದಲ್ಲಿ ಸರಕಾರ ಅಲ್ಲಿ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಊರು ಕೂಡಿ ಒಡ್ಡು ದುರಸ್ತಿ ಮಾಡುವ ರೂಢಿ ಸಡಿಲವಾಯಿತು. ಮುಂದೆ ಸೀಗಡಿಯ ಲಾಭ ಕಂಡಾಗ ಕಗ್ಗ ಹಿಂದೆ ಸರಿಯಿತು. “ಹಲಗೆ ಕಾಯುವವರೇ ಇಲ್ಲ, ಮಾಸ್ತರೆ” ಎಂದಿದ್ದರು ಆ ಹಿರಿಯರು. ನನಗೆ ಆಗ ಅದು ಒಬ್ಬ ಮುದುಕರ ಹಳಹಳಿಕೆಯೆಂದೇ ತೋರಿತ್ತು.

ಅದರ ಅರ್ಥ ಹೊಳೆದದ್ದು ಒರಿಸ್ಸಾದ ಚಿಲಿಕಾ ಸರೋವರದ ಇತಿಹಾಸ ಓದಿದಾಗ. ಹೂಳು ತುಂಬಿ ಸಮುದ್ರದ ದಾರಿ ಕಟ್ಟಿಕೊಳ್ಳುತ್ತ, ಅಲ್ಲಿ ಉಪ್ಪೇ ಕಡಿಮೆಯಾಗಿತ್ತು. ಜಲಕಳೆ ಹಬ್ಬಿತು, ಮೀನು ಕುಸಿಯಿತು. 1993ರಲ್ಲಿ ಅಪಾಯದಲ್ಲಿರುವ ರಾಮ್ಸರ್ ತಾಣಗಳ ಪಟ್ಟಿಗೆ ಅದು ಸೇರಿತು. 2000ದ ಸೆಪ್ಟೆಂಬರಿನಲ್ಲಿ ಹೊಸ ಬಾಯಿ ತೋಡಿ, ಹೊರಹರಿವಿನ ದಾರಿಯನ್ನು ಸುಮಾರು 18 ಕಿಲೋಮೀಟರು ಕಡಿಮೆ ಮಾಡಿದರು. ಭರತ-ಇಳಿತ ಮತ್ತೆ ಆಡತೊಡಗಿತು, ಮೀನು ಮರಳಿತು. 2002ರಲ್ಲಿ ಆ ಪಟ್ಟಿಯಿಂದ ಚಿಲಿಕಾದ ಹೆಸರು ತೆಗೆದರು. ಸವಳಿನ ನಾಡಿನ ಮಾಸ್ತರನಿಗೆ ಇದು ನುಂಗಲಾರದ ಪಾಠ: ಉಪ್ಪು ಹೋದದ್ದೇ ಅಲ್ಲಿ ರೋಗವಾಗಿತ್ತು.

ಅಘನಾಶಿನಿಗೆ ಅಂಥ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ. ಅಣೆಕಟ್ಟಿಲ್ಲದ ಆ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಜೊತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆಯೂ. ಮಾಣಿಕಟ್ಟೆಯ ಕಡೆ ಕೆಲವು ರೈತರು ಕಗ್ಗದ ಬೀಜವನ್ನು ಕಾಪಿಟ್ಟುಕೊಂಡು ಬಂದಿದ್ದಾರೆ.

ನಾನು ಬರೆಸಿದ ಆ ಸಾಲು ಯಾರ ನೋಟುಬುಕ್ಕಿನಲ್ಲಾದರೂ ಉಳಿದಿದ್ದರೆ ದಯಮಾಡಿ ಹೊಡೆದುಹಾಕಿರಿ.