ಮಾತೆ ಮರಿಯಮ್ಮನವರೇ ದೇವಾಲಯ: ಒಂದು ಪುಟ್ಟ ಚಿತ್ರದ ಧ್ಯಾನ

ಫ್ಲಾಂಡರ್ಸ್ ನಾಡಿನ ಯಾನ್ ವಾನ್ ಐಕ್ (ನಿಧನ 1441) ಬಿಡಿಸಿದ ‘ದೇವಾಲಯದಲ್ಲಿ ಮಾತೆ ಮರಿಯ’ ಚಿತ್ರವು ಬರ್ಲಿನ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಎತ್ತರ ಸುಮಾರು 31 ಸೆಂಟಿಮೀಟರ್, ಅಗಲ 14. ಅಷ್ಟರಲ್ಲೇ ಗೋಥಿಕ್ ಶೈಲಿಯ ಭವ್ಯ ಪ್ರಧಾನಾಲಯದ ಒಳಭಾಗ ಕಾಣುತ್ತದೆ.

ಬಾಲಯೇಸುವನ್ನು ಎತ್ತಿಕೊಂಡ ಮಾತೆ ಆಲಯದ ಅಳತೆಗೆ ಮೀರಿದ ಎತ್ತರದಲ್ಲಿ ನಿಂತಿದ್ದಾರೆ. ಅಳತೆ ತಪ್ಪಿತೆಂದು ಕೆಲವರಿಗೆ ಅನಿಸಬಹುದು, ನಾವು ಒಪ್ಪುವುದಿಲ್ಲ. ದೇವಪುತ್ರರನ್ನು ಗರ್ಭದಲ್ಲಿ ಹೊತ್ತ ಮರಿಯಮ್ಮನವರೇ ದೇವರ ಆಲಯ, ಧರ್ಮಸಭೆಯ ಪ್ರತಿರೂಪ ಎಂಬ ವಿಶ್ವಾಸವೇ ಇಲ್ಲಿನ ಅಳತೆ. ಹಿಂದೆ, ಬಲಿಪೀಠದ ಬಳಿ, ಇಬ್ಬರು ದೇವದೂತರು ಹಾಡುತ್ತಿದ್ದಾರೆ.

ಬೆಳಕನ್ನೂ ಗಮನಿಸಿ. ವಾಡಿಕೆಯಂತೆ ಬಲಿಪೀಠ ಪೂರ್ವಕ್ಕಿದೆ ಎಂದುಕೊಂಡರೆ, ಬಿಸಿಲು ಬೀಳುತ್ತಿರುವುದು ಉತ್ತರದಿಂದ! ಆ ದೇಶದಲ್ಲಿ ಹಾಗಾಗದು. ಆದ್ದರಿಂದಲೇ ಕಲಾ ಇತಿಹಾಸಕಾರ ಎರ್ವಿನ್ ಪಾನೊಫ್‌ಸ್ಕಿ ಇದನ್ನು ದೈವಿಕ ಬೆಳಕೆಂದು ಅರ್ಥೈಸಿದರು.

1877ರಲ್ಲಿ ಚಿತ್ರ ಕಳವಾಗಿ ಕೆಲವೇ ದಿನಗಳಲ್ಲಿ ಸಿಕ್ಕಿತು. ಸ್ತುತಿಗೀತೆ ಕೆತ್ತಿದ್ದ ಮೂಲ ಚೌಕಟ್ಟು ಮಾತ್ರ ಮರಳಲಿಲ್ಲ.